ಊಟಕ್ಕೆ ಮುಂಚಿನ ಮಾತು

ನಮ್ಮ ಕಡೆ ಊಟಕ್ಕೆ ಮುಂಚೆ ಆಡಿದ ಮಾತಿಗೆ ಬೆಲೆಯಿಲ್ಲ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ, ಬೀಗರು ಬಿಜ್ಜರು ಬಂದು ಹೋಗುವುದನ್ನು ನೋಡುತ್ತ ನೋಡುತ್ತ ತಾನಾಗಿ ಗೊತ್ತಾಗುತ್ತದೆ. ಮನೆಗೆ ಬಂದವರು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತ ‘ಹೆಂಗದೀರಿ?’ ಎಂದರೆ ‘ಚಲೋ ಅದೀವ್ರಿ’ ಎನ್ನಬೇಕು. ‘ಮಳಿ ಬೆಳಿ ಹೆಂಗ್ರಿ?’ ಎಂದರೆ ‘ದೇವರ ದಯಾರಿ, ಏನೂ ಕೊರತಿ ಇಲ್ರಿ’ ಎನ್ನಬೇಕು. ಹಸಿದು ಬಂದವರ ಮುಂದೆ ನಮ್ಮ ಗೋಳು ಹೇಳಿಕೊಂಡರೆ ಅವರ ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ ಎಂಬುದು ಇದರ ಹಿಂದಿನ ವಿಚಾರ. ಊಟವಾಗಬೇಕು, ಕೈ ತೊಳೆಯಬೇಕು, ಎಲೆ ಅಡಿಕೆಯ ತಾಟು ಬರಬೇಕು. ಬಂದವರು ಎಲೆಗೆ ಸುಣ್ಣ ಸವರುತ್ತ ‘ಹ್ಞಾಂ, ಈಗ ಹೇಳ್ರಿ’ ಎನ್ನಬೇಕು. ಆಮೇಲಿನದೇ ಖರೆ ಮಾತು.

ನನ್ನ ಅತ್ತೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದು ದಿನ ಬೆಳಿಗ್ಗೆ ಹಿತ್ತಲಲ್ಲಿ ಹಾಲು ಕೊಡುವ ಎಮ್ಮೆ ಸತ್ತುಬಿದ್ದಿತ್ತು. ಅದೇ ಹೊತ್ತಿಗೆ ಅರಕೇರಿಯಿಂದ ಬೀಗರು ಬಂದರು. ‘ಹೈನ ಹೆಂಗೈತ್ರಿ?’ ಎಂದು ಕೇಳಿದರೆ ಅತ್ತೆ ನಗುನಗುತ್ತ ‘ಚಲೋ ಐತ್ರಿ’ ಎಂದು, ಪಕ್ಕದ ಮನೆಯಿಂದ ಕಡ ತಂದ ಮೊಸರು ಬಡಿಸಿದಳು. ಎಲೆ ತಾಟು ಇಟ್ಟ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದೇ ಅತ್ತಿದ್ದು. ಬೀಗರು ‘ಮೊದಲ ಯಾಕ ಹೇಳಲಿಲ್ರಿ’ ಎಂದು ಬೇಸರ ಮಾಡಿಕೊಳ್ಳಲಿಲ್ಲ. ಅವರೂ ನಮ್ಮ ಕಡೆಯವರೇ.

ಮನೆಯವರಿಗೆ ಮಾತ್ರ ಈ ಕಟ್ಟಳೆ ಇಲ್ಲ. ಅಕ್ಕನ ಮನೆಗೆ ನಾನು ಹೋದರೆ ಅವಳು ಬಾಗಿಲಲ್ಲೇ ಶುರು ಮಾಡುತ್ತಾಳೆ. ‘ಬಾ ಬೇ, ಮೊಣಕಾಲ ಹಿಡಕೊಂಡಾವ, ಮೋಟರ ಸುಟ್ಟೈತಿ, ನಿಮ್ಮ ಮಾವಗ ನೆಗಡಿ.’ ನೀರು ಕೊಡುವ ಮೊದಲೇ ವರ್ಷದ ತಾಪತ್ರಯವೆಲ್ಲ ನನ್ನ ತಲೆಯ ಮೇಲೆ ಸುರಿದಿರುತ್ತದೆ. ನಾನೂ ಸುಮ್ಮನಿರುವವಳಲ್ಲ. ವಿಜಯಪುರದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಅಂಗಡಿ ಇಟ್ಟುಕೊಂಡು ದಿನವಿಡೀ ಗಿರಾಕಿಗಳ ಜೊತೆ ಜಗಳಾಡಿ ಬಾಯಿ ಹರಿತ ಮಾಡಿಕೊಂಡವಳು. ಇಬ್ಬರೂ ಕೂಡಿ ಬಾಗಿಲಲ್ಲೇ ಲೋಕವನ್ನು ಬೈದು ಮುಗಿಸಿ ಒಳಗೆ ಹೋಗುತ್ತೇವೆ. ಹಾಗೆ ಬೈಯುವುದೇ ನಾವು ಒಂದೇ ಮನೆಯವರು ಎಂಬುದರ ಗುರುತು.

ಅಕ್ಕನ ತೋಟ ಘೋಣಸಗಿಯಲ್ಲಿದೆ. ಇತ್ತು ಎನ್ನಬೇಕು, ಆದರೆ ಕೈ ಹಾಗೆ ಬರೆಯಲು ಇನ್ನೂ ಒಪ್ಪುತ್ತಿಲ್ಲ. ಅವಳು ಮದುವೆಯಾಗಿ ಹೋದಾಗ ಅದು ಜೋಳ, ತೊಗರಿ ಬೆಳೆಯುವ ಕಲ್ಲು ಹೊಲ. ಗಂಡ ಹೆಂಡಿರು ಕಲ್ಲು ಆರಿಸಿ ಬದುವಿಗೆ ಹಾಕಿ, ತಿಕೋಟಾದಿಂದ ಕಡ್ಡಿ ತಂದು ಹಚ್ಚಿ, ಕಂಬ ನಿಲ್ಲಿಸಿ, ತಂತಿ ಎಳೆದು ದ್ರಾಕ್ಷಿ ಮಾಡಿದರು. ಮಾವ, ಅಂದರೆ ಅಕ್ಕನ ಗಂಡ, ಟ್ರ್ಯಾಕ್ಟರಿನ ಮೇಲೆ ಕೂತರೆ ಮಾತಾಡುತ್ತಾನೆ, ಜನರ ನಡುವೆ ಕೂತರೆ ಬಾಯಿಗೆ ಬೀಗ. ಹಾಗಾಗಿ ತೋಟದ ಪರವಾಗಿ ಮಾತಾಡುವುದೆಲ್ಲ ಅಕ್ಕನ ಪಾಲಿಗೆ ಬಂತು. ಬಳ್ಳಿಯ ಚಾಟನಿ ಮಾಡುವಾಗ, ಅಂದರೆ ಕಡ್ಡಿ ಸವರುವಾಗ, ಆಳುಗಳಿಗೆ ಅವಳೇ ಮುಂದಾಳು. ಯಾವ ಸಾಲಿನ ಯಾವ ಬಳ್ಳಿ ಸೋಮಾರಿ ಎಂದು ಅವಳಿಗೆ ಗೊತ್ತಿತ್ತು, ಅದನ್ನು ಅದರ ಎದುರಿಗೇ ಬೈಯುತ್ತಿದ್ದಳು.

ದ್ರಾಕ್ಷಿಯನ್ನು ಹಸಿಯಾಗಿ ಮಾರುವುದು ಕಡಿಮೆ, ನಮ್ಮವರು ಒಣಗಿಸುತ್ತಾರೆ. ಗೊಂಚಲು ಕತ್ತರಿಸಿ, ಔಷಧದ ನೀರಿನಲ್ಲಿ ಅದ್ದಿ, ಮೇಲೆ ತಗಡು ಇದ್ದು ಸುತ್ತಲೂ ಬಯಲಾಗಿರುವ ಶೆಡ್ಡಿನಲ್ಲಿ, ಒಂದರ ಮೇಲೊಂದು ಬಲೆ ಕಟ್ಟಿದ ಅಂತಸ್ತುಗಳಲ್ಲಿ ಹರವುತ್ತಾರೆ. ಆ ಅಂತಸ್ತುಗಳಿಗೆ ರ‍್ಯಾಕ್ ಎನ್ನುತ್ತೇವೆ. ಗಾಳಿಗೆ ಹಣ್ಣು ಅಲ್ಲೇ ನಿಧಾನ ಸುಕ್ಕಾಗಿ ಒಣದ್ರಾಕ್ಷಿಯಾಗುತ್ತದೆ. ಆ ದಿನಗಳಲ್ಲಿ ಅಡ್ಡಮಳೆ ಬಂದರೆ ಮುಗಿಯಿತು, ಗಾಳಿಯ ತೇವಕ್ಕೇ ಹಣ್ಣು ಕರಿದಾಗಿ ಬೂಸು ಹಿಡಿಯುತ್ತದೆ. ಒಂದು ವರ್ಷ ಅಕ್ಕನ ರ‍್ಯಾಕ್ ಪೂರಾ ತುಂಬಿದ್ದಾಗ ಹಾಗೇ ಆಯಿತು. ವಿಮೆಯವರು ಬಂದು ಮೊದಲು ಬಳ್ಳಿ ನೋಡಿದರು. ಬಳ್ಳಿಯಲ್ಲಿ ಏನಿದೆ, ಹಣ್ಣೆಲ್ಲ ಕತ್ತರಿಸಿಯಾಗಿತ್ತು. ಬಳ್ಳಿಯ ಮೇಲಿದ್ದರೆ ಅದು ಬೆಳೆ, ರ‍್ಯಾಕಿಗೆ ಏರಿದ ಮೇಲೆ ಸರಕು, ಸರಕಿಗೆ ವಿಮೆ ಬರುವುದಿಲ್ಲ ಎಂದು ಹೇಳಿ, ಅಕ್ಕ ಕೊಟ್ಟ ಚಹಾ ಕುಡಿದು ಹೋದರು.

‘ನಿನ್ನಿ ತನಕ ಬೆಳಿ ಇತ್ತು, ಇವತ್ತ ಹೆಂಗ ಸರಕಾತು?’ ಎಂದು ಅಕ್ಕ ತಿಂಗಳುಗಟ್ಟಲೆ ಸಿಕ್ಕವರನ್ನೆಲ್ಲ ಕೇಳಿದಳು. ನನ್ನ ಅಂಗಡಿಗೆ ಬಂದ ಗಿರಾಕಿಗಳನ್ನೂ ಬಿಡಲಿಲ್ಲ. ಕೊನೆಗೆ ಒಂದು ಮಾತು ಗಟ್ಟಿ ಮಾಡಿಕೊಂಡಳು: ‘ರ‍್ಯಾಕ್ ಮ್ಯಾಲಿದ್ದದ್ದೂ ಬೆಳಿ ಅಂತ ಸರಕಾರದವರು ಬರದರ ತೋಟ ಇಡತೇನಿ. ಇಲ್ಲಂದ್ರ ಇನ್ನೊಂದ ಮಳಿ ನೋಡೂ ತ್ರಾಣ ನನಗಿಲ್ಲ. ಕಿತ್ತು ಕಬ್ಬ ಹಚ್ಚತೇನಿ.’ ಅಕ್ಕ ಹೆದರಿಸಲು ಹೇಳುವವಳಲ್ಲ. 

ಆಗ ಬಂದವನು ಅವಳ ಮೈದುನ.

ಅವನು ಬಬಲೇಶ್ವರದಲ್ಲಿ ಮನೆ ಮಾಡಿಕೊಂಡಿದ್ದಾನೆ. ಅಕ್ಕ ಮದುವೆಯಾಗಿ ಹೋದಾಗ ಅವನಿನ್ನೂ ಕನ್ನಡ ಸಾಲಿಗೆ ಹೋಗುತ್ತಿದ್ದ. ಅಕ್ಕನ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಅವನ ಎಣ್ಣೆ, ಸ್ನಾನ, ಬುತ್ತಿ ಎಲ್ಲ ಅಕ್ಕನೇ ಮಾಡಿದಳು. ಜಾಣ, ಮಾತುಗಾರ. ಬೆಳೆದು ದ್ರಾಕ್ಷಿ ಬೆಳೆಗಾರರ ಒಂದು ಸಂಘದಲ್ಲಿ ಓಡಾಡಿ ಮುಂದೆ ಬಂದ. ದ್ರಾಕ್ಷಿ, ಒಣದ್ರಾಕ್ಷಿಗೆ ಹೊಸ ನೀತಿ ಮಾಡಲು ಸರಕಾರದ ಒಂದು ಸಮಿತಿ ಆದಾಗ ಅದರಲ್ಲಿ ರೈತರ ಪ್ರತಿನಿಧಿಯಾಗಿ ಅವನ ಹೆಸರು ಬಂತು. ಪೇಢೆ ತೆಗೆದುಕೊಂಡು ಮೊದಲು ಬಂದಿದ್ದು ಅಕ್ಕನ ಮನೆಗೇ. ನಾನೂ ಅಂದು ಅಲ್ಲಿದ್ದೆ.

‘ವೈನಿ, ಈ ಸಲ ಬೆಂಗಳೂರಾಗ ಕುಂತು ಬರಿಯೂದಿಲ್ಲ. ಜನರನ್ನ ಕೇಳೇ ಬರೀಬೇಕಂತ ಆಗೇತಿ. ನಿನ್ನ ಅಂಗಳದಾಗ ಕುಂತು ಬರೀತಾರ ನೋಡು.’

‘ಖರೇನ ತಮ್ಮಾ?’ ಎಂದಳು ಅಕ್ಕ. ಅಣ್ಣನ ಹೆಂಡತಿಯೆಂದು ಅವನು ವೈನಿ ಎಂದರೆ, ಅವಳು ಅವನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು.

‘ನಾ ಇರೂತನ ನಿನ್ನ ಮಾತ ಹ್ಯಾಂಗ ಬಿಟ್ಟ ಹೋದೀತು?’ ಎಂದು ಅವಳ ಕೈಯಿಂದ ರೊಟ್ಟಿ ಕಸಿದುಕೊಂಡು ತಿಂದ. ನನಗೂ ಖುಷಿಯಾಗಿತ್ತು. ಸಭೆ ಎಂದರೆ ಮೂಗು ಮುರಿಯುವ ನಾನು ಕೂಡ ಅಂದು ಒಂದು ಪೇಢೆ ಹೆಚ್ಚಿಗೆ ತಿಂದೆ.

ಸಮಿತಿಯವರು ಬರುವ ದಿನ ನಾನು ಅಂಗಡಿ ಬಾಗಿಲು ಹಾಕಿ ಘೋಣಸಗಿಗೆ ಹೋದೆ. ಹೆಣ್ಣುಮಕ್ಕಳೆಲ್ಲ ಕೂಡಿ ರೊಟ್ಟಿ ಬಡಿದೆವು, ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಕಾಳುಪಲ್ಯ ಮಾಡಿದೆವು. ಅಕ್ಕ ಹಿಟ್ಟು ತಟ್ಟುತ್ತ ತನ್ನ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ‘ರ‍್ಯಾಕ್ ಮ್ಯಾಲಿದ್ದದ್ದೂ ಬೆಳಿ ಅಂತ ಬರೀರಿ ಸಾಹೇಬ್ರ. ನಾವು ಬ್ಯಾರೆ ಏನೂ ಬೇಡೂದಿಲ್ರಿ.’ ರೊಟ್ಟಿಯನ್ನು ತಿರುವಿ ಹಾಕಿದ ಹಾಗೆ ಮಾತನ್ನೂ ಹಿಂದೆ ಮುಂದೆ ಮಾಡಿ ನೋಡುತ್ತಿದ್ದಳು. ಮಳೆಗೆ ಕರಿದಾದ ಒಣದ್ರಾಕ್ಷಿಯನ್ನು ಒಂದು ಪುಟ್ಟ ಬುಟ್ಟಿಯಲ್ಲಿ ತುಂಬಿ, ಎಲೆ ತಾಟಿನ ಪಕ್ಕ, ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದಳು. ಎರಡನ್ನೂ ಒಟ್ಟಿಗೆ ತರುವುದು ಅವಳ ಯೋಚನೆ. ನಾವು ಯಾರೂ ಅದಕ್ಕೆ ಬೇರೆ ಸಮಯ ಯೋಚಿಸಲೇ ಇಲ್ಲ. ಅತಿಥಿ ಉಂಡ ಮೇಲಲ್ಲವೇ ಅದನ್ನೆಲ್ಲ ತೋರಿಸುವುದು.

ಗಾಡಿಗಳು ಬಂದಾಗ ಮಧ್ಯಾಹ್ನ ಇಳಿದಿತ್ತು. ಇಳಿದವರಲ್ಲಿ ಮುಖ್ಯವಾದವರು ಬೆಂಗಳೂರಿನಿಂದ ಬಂದ ಒಬ್ಬ ಮೇಡಂ, ಇನ್ನೂ ಚಿಕ್ಕ ವಯಸ್ಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ರೈತರೊಂದಿಗೆ ಸಂವಾದ ಎಂದು ಬರೆದ ಬ್ಯಾನರನ್ನು ಶೆಡ್ಡಿನ ಕಂಬಗಳಿಗೆ ಕಟ್ಟಿದರು. ಒಬ್ಬ ಕ್ಯಾಮೆರಾ ಹಿಡಿದಿದ್ದ. ನಾವು ಕೈಕಾಲಿಗೆ ನೀರು ಕೊಡುತ್ತಿದ್ದಂತೆ ಮೈದುನ ಅವನ ಹೆಗಲ ಮೇಲೆ ಕೈಯಿಟ್ಟು ‘ಈಗ ಹಿಡಕೊಂಡ ಬಿಡ್ರಿ, ಆಮ್ಯಾಲ ಬೆಳಕ ಇರೂದಿಲ್ಲ’ ಎಂದ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಆದರೆ ಕೈಯಲ್ಲಿ ತಂಬಿಗೆ ಇತ್ತು, ತಲೆಯಲ್ಲಿ ಹೋಳಿಗೆ ಇತ್ತು.

ಮೇಡಂ ಅಕ್ಕನ ಕೈ ಹಿಡಿದುಕೊಂಡು ನಗುತ್ತ ಕೇಳಿದರು. ‘ಹೇಗಿದ್ದೀರಮ್ಮ? ದ್ರಾಕ್ಷಿ ಹೇಗಿದೆ? ಏನಾದರೂ ತೊಂದರೆ ಇದೆಯಾ?’

ಅಕ್ಕ ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಮನೆಗೆ ಬಂದ ಹೆಣ್ಣುಮಗಳು ಕೈ ಹಿಡಿದು ಕೇಳುತ್ತಿದ್ದಾಳೆ, ಇನ್ನೂ ಬಾಯಿಗೆ ಒಂದು ತುತ್ತು ಹಾಕಿಲ್ಲ. ಅಕ್ಕನಿಗೆ ಬೇರೆ ಮಾತು ಬರುವುದಾದರೂ ಹೇಗೆ?

‘ಚಲೋ ಐತ್ರಿ. ದೇವರ ದಯಾರಿ, ಏನೂ ಕೊರತಿ ಇಲ್ರಿ. ಬರ್ರಿ, ಊಟಕ್ಕೇಳ್ರಿ.’

ಎಲ್ಲರೂ ಹೊಟ್ಟೆತುಂಬ ಉಂಡರು. ಮೇಡಂ ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ಅಕ್ಕ ಒಳಗೆ ಹೋಗಿ, ಮುಖ ತೊಳೆದುಕೊಂಡು, ಕುಂಕುಮ ಸರಿಮಾಡಿಕೊಂಡು, ಒಂದು ಕೈಯಲ್ಲಿ ಎಲೆ ತಾಟು, ಇನ್ನೊಂದರಲ್ಲಿ ಬುಟ್ಟಿ ಹಿಡಿದು ಹೊರಗೆ ಬಂದಳು. ಅಂಗಳದಲ್ಲಿ ಗಾಡಿಗಳು ಆಗಲೇ ಶುರುವಾಗಿದ್ದವು. ಬ್ಯಾನರ್ ಬಿಚ್ಚಿ ಸುತ್ತುತ್ತಿದ್ದರು. ಮೇಡಂ ಕಿಟಕಿಯಿಂದ ಕೈ ಮುಗಿದರು. ಮೈದುನ ಓಡಿ ಬಂದು ತಾಟಿನಿಂದ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡ.

‘ಇನ್ನೂ ಮುಂದ ಹೋಗೂದೈತಿ ವೈನಿ, ಹೊತ್ತಾಗೇತಿ. ರ‍್ಯಾಕಿನ ಮಾತ ನನಗ ಗೊತ್ತಿಲ್ಲೇನು? ನಾ ಹೇಳತೇನಿ ಬಿಡು.’

‘ಹೇಳಪಾ ತಮ್ಮಾ, ಮರೀಬ್ಯಾಡ,’ ಎಂದಳು ಅಕ್ಕ. ಧೂಳು ಇಳಿಯುವ ತನಕ ತಾಟು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಆ ಎಲೆ ನಾವೇ ತಿಂದೆವು. ಅವಳಿಗೆ ಅನುಮಾನವೇ ಬರಲಿಲ್ಲ. ಮೈದುನ ಹೇಳುತ್ತಾನಲ್ಲ, ಅವನು ಹೇಳಿದರೆ ತಾನು ಹೇಳಿದ ಹಾಗೆಯೇ ಎಂದು ಅವಳ ಎಣಿಕೆ. ನನಗೂ ಹಾಗೇ ಅನ್ನಿಸಿತ್ತು.

ಮುಂದೆ ಮಳೆಗಾಲ ಕಳೆಯಿತು. ಅಕ್ಕ ಫೋನ್ ಮಾಡಿದಾಗೆಲ್ಲ ಅವನದು ಒಂದೇ ಉತ್ತರ, ‘ನಿನ್ನ ಮಾತೇ ಐತಿ ವೈನಿ ಅದರಾಗ.’ ಅಕ್ಕ ಅದನ್ನು ನಂಬಿ ಆ ವರ್ಷವೂ ಚಾಟನಿ ಮಾಡಿಸಿದಳು, ಹರಿದ ಬಲೆಗಳನ್ನು ಹೊಲಿಸಿದಳು. ಕಬ್ಬಿನ ಮಾತು ಬಾಯಿಂದ ಬರುವುದು ನಿಂತಿತ್ತು. ಒಂದು ದಿನ ಅವನೇ ಫೋನ್ ಮಾಡಿ, ವಿಜಯಪುರದಲ್ಲಿ ಸಭೆ ಇದೆ, ನೀತಿ ಓದುತ್ತಾರೆ, ನೀನು ಮುಂದಿನ ಸಾಲಿನಲ್ಲೇ ಕೂರಬೇಕು ಎಂದ. ಅಕ್ಕ ಮಗಳ ಮದುವೆಗೆ ತೆಗೆದ ಇಳಕಲ್ ಸೀರೆ ಉಟ್ಟು ತಿಕೋಟಾದಿಂದ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ‘ಹೆಂಗ ಕಾಣಸ್ತೇನ ಬೇ?’ ಎಂದಳು. ‘ಬೀಗತಿ ಹಂಗ ಕಾಣಸ್ತಿ, ನಡಿ’ ಎಂದೆ. ಆಟೋದಲ್ಲಿ ಹೋದೆವು.

ದೊಡ್ಡ ಸಭಾಂಗಣ. ವೇದಿಕೆಯ ಮೇಲೆ ಮೈದುನನಿಗೂ ಒಂದು ಕುರ್ಚಿ, ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ಅಕ್ಕ ನನ್ನ ಮೊಣಕೈ ತಿವಿದು ‘ನೋಡು, ನಮ್ಮ ತಮ್ಮ’ ಎಂದಳು. ಸ್ವಾಗತ, ದೀಪ, ಭಾಷಣ ಎಲ್ಲ ಆದ ಮೇಲೆ ದೀಪಗಳನ್ನು ಆರಿಸಿ ಹಿಂದಿನ ಪರದೆಯ ಮೇಲೆ ಒಂದು ಸಿನಿಮಾ ಹಾಕಿದರು. ರೈತರ ಬಾಯಿಂದಲೇ ಕೇಳಿ ಎಂದು ಯಾರೋ ಹೇಳಿದರು. ಬಳ್ಳಿ, ಗೊಂಚಲು, ಪಾರಿವಾಳ ಎಲ್ಲ ತೋರಿಸಿ, ಆಮೇಲೆ ಗೋಡೆಯಷ್ಟು ದೊಡ್ಡದಾಗಿ ಅಕ್ಕನ ಮುಖ ಬಂತು. ಸೆರಗು ಸರಿಮಾಡಿಕೊಂಡಳು. ನಕ್ಕಳು.

‘ಚಲೋ ಐತ್ರಿ. ದೇವರ ದಯಾರಿ, ಏನೂ ಕೊರತಿ ಇಲ್ರಿ.’

‘ಬರ್ರಿ, ಊಟಕ್ಕೇಳ್ರಿ’ ಎಂಬುದನ್ನು ಮಾತ್ರ ಕತ್ತರಿಸಿದ್ದರು.

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ದೀಪ ಹತ್ತಿದ ಮೇಲೆ ಒಬ್ಬರು ನೀತಿ ಓದಿದರು. ಬಳ್ಳಿಯ ಮೇಲಿನ ಹಣ್ಣಿನ ವಿಮೆ ಈಗಿರುವಂತೆಯೇ ಮುಂದುವರಿಯುತ್ತದೆ, ಒಣಗಿಸುವುದು ವ್ಯಾಪಾರದ ಭಾಗ, ಅದನ್ನು ವಿಮೆಗೆ ಸೇರಿಸುವ ಅಗತ್ಯ ಕಂಡುಬಂದಿಲ್ಲ, ಸ್ಥಳಕ್ಕೆ ಹೋಗಿ ರೈತರನ್ನೇ ಕೇಳಿದಾಗ ಅವರು ಸಮಾಧಾನ ವ್ಯಕ್ತಪಡಿಸಿದ್ದಾರೆ ಎಂದು ಓದಿದರು. ನಾನು ಪಕ್ಕಕ್ಕೆ ನೋಡಿದೆ. ಅಕ್ಕ ಇನ್ನೂ ಖಾಲಿ ಪರದೆಯನ್ನೇ ನೋಡುತ್ತಿದ್ದಳು, ತನ್ನ ಮುಖ ಮತ್ತೆ ಬಂದು ಉಳಿದ ಮಾತು ಹೇಳುತ್ತದೆ ಎನ್ನುವ ಹಾಗೆ.

ನಾನು ಎದ್ದು ನಿಂತುಬಿಟ್ಟೆ.

‘ಅದು ಉಣ್ಣೂಕಿಂತ ಮುಂಚಿನ ಮಾತ್ರಿ!’ ಎಂದು ಕೂಗಿದೆ. ‘ಊಟದ ಮೊದಲ ಆಡಿದ್ದನ್ನ ಹಿಡಕೊಂಡ ಬಂದೀರಿ. ಉಂಡ ಮ್ಯಾಲ ಯಾಕ ಕೇಳಲಿಲ್ರಿ?’

ನಾಲ್ಕಾರು ಜನ ನಕ್ಕರು. ಹಿಂದಿನಿಂದ ಯಾರೋ ಒಬ್ಬರು ಬಹಳ ಮರ್ಯಾದೆಯಿಂದ ‘ಊಟದ ವ್ಯವಸ್ಥಾ ಐತ್ರಿ ಅಕ್ಕಾರ, ಸಭಾ ಮುಗೀಲ್ರಿ’ ಎಂದರು. ಮತ್ತೂ ನಗು. ವೇದಿಕೆಯ ಮೇಲಿದ್ದ ಆ ಮೇಡಂ ಏನೂ ತಿಳಿಯದೆ ಪಕ್ಕದವರನ್ನು ಕೇಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ನಮ್ಮ ಕಟ್ಟಳೆ ಗೊತ್ತಿಲ್ಲ, ಕೈ ಹಿಡಿದು ಕೇಳಿದರು, ಹೇಳಿದ್ದನ್ನು ನಂಬಿದರು. ಆದರೆ ಆ ಸಾಲು ಕುರ್ಚಿಗಳಲ್ಲಿ ನನ್ನ ಮಾತು ಪೂರ್ತಿ ತಿಳಿದವನು ಒಬ್ಬನಿದ್ದ. ಅವನು ತಲೆ ಬಗ್ಗಿಸಿ ಶಾಲಿನ ಅಂಚಿನ ದಾರ ಕೀಳುತ್ತಿದ್ದ.

ಹೊರಗೆ ಮೆಟ್ಟಿಲ ಹತ್ತಿರ ನಾನೇ ಅವನನ್ನು ತಡೆದೆ. ಬಾಯಿಗೆ ಬಂದಿದ್ದನ್ನೆಲ್ಲ ಅಂದೆ. ಅವನು ಅಕ್ಕನ ಕಡೆಗೆ ತಿರುಗಿ ಮಾತಾಡಿದ.

‘ವೈನಿ, ಸಿಟ್ಟಾಗಬ್ಯಾಡ. ರ‍್ಯಾಕಿನ ಮಾತ ಆಗೂದಿಲ್ಲಂತ ಮೊದಲೇ ಹೇಳಿದ್ರು. ನಾ ಜಗ್ಗಿದ್ರ ನನ್ನೂ ಕಮಿಟಿಯಿಂದ ತಗೀತಿದ್ರು. ಜನರನ್ನ ಕೇಳೇವಿ ಅಂತ ತೋರಸಾಕ ಅವರಿಗೆ ಒಂದ ಚಲೋ ಮಾತ ಬೇಕಾಗಿತ್ತು. ಒಳಗ ಉಳದರ ಮುಂದಿನ ಸಲ ಏನರ ಮಾಡಬಹುದು.’

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಅವರಿಗೆ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತಲ್ಲೋ,’ ಎಂದಳು. ‘ನನ್ನ ಕೈಯಾಗ ಉಂಡು ಬೆಳದಾಂವಗ ಗೊತ್ತಿತ್ತು.’

ಆ ದಿನ ಅವಳು ಸಭೆಯ ಊಟವನ್ನೂ ಮಾಡಲಿಲ್ಲ, ನನ್ನ ಮನೆಗೂ ಬರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕೂರಿಸಿ ಬಂದೆ. ಬಸ್ಸು ಹೊರಡುವಾಗ ಕಿಟಕಿಯಲ್ಲಿ ‘ಎಲ್ಲಾರೂ ನನ್ನ ಮಾರಿ ನೋಡಿ ನಗತಿದ್ರೇನು?’ ಎಂದು ಕೇಳಿದಳು. ಇಲ್ಲ, ನಕ್ಕಿದ್ದು ನನ್ನನ್ನು ನೋಡಿ ಎಂದೆ. ನನಗೆ ಇವತ್ತಿಗೂ ಆ ನೋವು ಹೋಗಿಲ್ಲ. ಕೇಳದೇ ಇದ್ದಿದ್ದರೆ ಕೇಳಲಿಲ್ಲ ಎಂದು ಬೈದುಕೊಂಡು ಇರಬಹುದಿತ್ತು. ಹಿಂದೆಲ್ಲ ಅಷ್ಟೇ ಆಗಿತ್ತು, ಅದು ಅಭ್ಯಾಸವಾಗಿತ್ತು. ಈಗ ಕೇಳಿದರು, ಅವಳು ಬಾಯಾರೆ ಹೇಳಿದಳು, ಆ ಬಾಯಿಯಿಂದಲೇ ಅವಳ ತೋಟಕ್ಕೆ ಇಲ್ಲ ಎನ್ನಿಸಿದರು. ಬಡಿಸಿದ ಕೈಯನ್ನೇ ಸಾಕ್ಷಿಗೆ ಕರೆದರು.

ಆ ವರ್ಷದ ಹಣ್ಣು ಇಳಿದ ಮೇಲೆ ಅಕ್ಕ ಆಡಿದಂತೆ ಮಾಡಿದಳು. ಆಳುಗಳು ತಂತಿ ಬಿಚ್ಚಿ ಸುರುಳಿ ಸುತ್ತುತ್ತಿದ್ದರು, ಮಾವ ಟ್ರ್ಯಾಕ್ಟರಿಗೆ ಸರಪಳಿ ಹಾಕಿ ಬಳ್ಳಿಯ ಬುಡ ಎಳೆಯುತ್ತಿದ್ದ. ಒಂದೊಂದು ಬುಡ ಕಿತ್ತು ಬರುವಾಗಲೂ ಅಡುಗೆಮನೆಯವರೆಗೆ ಸದ್ದು ಕೇಳುತ್ತಿತ್ತು. ನಾನು ಅವಳ ಜೊತೆ ಇರಲೆಂದು ಹೋಗಿದ್ದೆ. ಆಗ ಅಂಗಳದಲ್ಲಿ ಮೈದುನನ ಮೋಟಾರ್ ಸೈಕಲ್ ನಿಂತಿತು. ಅವನ ಮಗಳ ಲಗ್ನ ಗಟ್ಟಿಯಾಗಿತ್ತು, ಕರೆಯಲು ಬಂದಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತ, ತೋಟದ ಕಡೆ ನೋಡದೆ ಕೇಳಿದ.

‘ಹೆಂಗದೀ ವೈನಿ?’

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳ ಮೊಣಕಾಲು ಎಂಟು ದಿನದಿಂದ ಬಾತುಕೊಂಡಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

‘ಚಲೋ ಅದೀವ್ರಿ. ಬರ್ರಿ, ಕೈಕಾಲ ತೊಳಕೋರಿ. ಊಟಕ್ಕೇಳ್ರಿ.’

ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಅವಳು ಈ ಮನೆಗೆ ಕಾಲಿಟ್ಟಾಗಿನಿಂದ ಅವಳ ಬಾಯಲ್ಲಿ ತನಗೆ ‘ರಿ’ ಕೇಳದವನು. ಕೈಕಾಲು ತೊಳೆದು ಬಂದ. ಕೂತ. ಅಕ್ಕ ಬಿಸಿ ರೊಟ್ಟಿ ಬಡಿಸಿದಳು, ಬೆಣ್ಣೆ ಹಾಕಿದಳು, ಇನ್ನೊಂದು ಹಾಕಿಸಿಕೊಳ್ಳಿರಿ ಎಂದು ಉಪಚಾರ ಮಾಡಿದಳು. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವನು ತಲೆ ಎತ್ತದೆ ಉಂಡ, ಕೈ ತೊಳೆದ, ಗೋಡೆಗೆ ಒರಗಿ ಕೂತು ಅಡುಗೆಮನೆಯ ಕಡೆ ನೋಡುತ್ತ ಕಾದ. ಎಲೆ ತಾಟು ಗೂಡಿನಲ್ಲೇ ಇತ್ತು. ತಿಕೋಟಾದ ಸಂತೆಯಿಂದ ನಾನೇ ತಂದ ಎಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು ಹಾಗೇ ಇತ್ತು. ಅಕ್ಕ ಪಾತ್ರೆ ತಿಕ್ಕುತ್ತ ಕೂತಳು.

ಕೊನೆಗೆ ಅವನೇ ಎದ್ದ. ಲಗ್ನದ ಪತ್ರಿಕೆಯನ್ನು, ಅಕ್ಷತೆಯನ್ನು ಕಟ್ಟೆಯ ಮೇಲೆ ಇಟ್ಟ. ಬಾಗಿಲವರೆಗೆ ಹೋದವನು ತಿರುಗಿ ನಿಂತ. 

‘ಊಟಾ ಆತಲ್ಲ ವೈನಿ. ಈಗರ ಹೇಳು. ಹೆಂಗದೀ?’

ಹೊರಗೆ ಇನ್ನೊಂದು ಬುಡ ಕಿತ್ತ ಸದ್ದಾಯಿತು. ಅಕ್ಕ ಕೈಯ ಬೂದಿ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಪರದೆಯ ಮೇಲೆ ನಕ್ಕಂತೆಯೇ ನಕ್ಕಳು.

‘ದೇವರ ದಯಾರಿ,’ ಎಂದಳು. ‘ಏನೂ ಕೊರತಿ ಇಲ್ರಿ.’